ರೂಟರ್ ಕೇಳಿದವಳಿಗೆ ಹೇಳಿದ ಅಗ್ಗಿಷ್ಟಿಕೆಯ ಕತೆ

"ಬುದ್ಧಿ, ನಮ್ಮನೆ ವೈಫೈ ರೂಟರ್ ಹಳೇದಾಗಿದೆ. ಹೊಸದಕ್ಕೆ ದುಡ್ಡು ಹಾಕೋದೋ, ಬೇಡವೋ?"

ದಾಕ್ಷಾಯಿಣಿ ಸ್ವಾಮಿಗಳನ್ನು ಹೀಗೆ ಕೇಳಿದ್ದು ಒಂದು ಸೋಮವಾರ ಬೆಳಿಗ್ಗೆ, ಊರಂಚಿನ ಮಠದ ಜಗಲಿಯಲ್ಲಿ, ಪೂಜೆ ಮುಗಿದ ಮೇಲೆ. ಅವಳಿಗಿಂತ ಮೊದಲು ಕೇಳಿದವರ ಪ್ರಶ್ನೆಗಳು ಬೇರೆ ತೂಕದವು. ಒಬ್ಬರು ಮನಸ್ಸು ನಿಲ್ಲುವುದಿಲ್ಲ ಎಂದಿದ್ದರು. ಇನ್ನೊಬ್ಬರು ಸಾವಿನ ಭಯ ಹೋಗುವುದಿಲ್ಲ ಎಂದಿದ್ದರು. ರೂಟರ್ ಎಂಬ ಮಾತು ಬಿದ್ದೊಡನೆ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು.

"ಇದೇನವ್ವ, ಮಠ ಅಂದ್ರೆ ಮೊಬೈಲ್ ಅಂಗಡಿ ಅಂದ್ಕೊಂಡ್ಯಾ?" ಎಂದರು ಪುಟ್ಟಬಸಪ್ಪನವರು. ಪ್ರತಿ ಸೋಮವಾರ ಕಂಬಕ್ಕೆ ಒರಗಿ ಕೂರುವ ನಿವೃತ್ತ ಪೋಸ್ಟ್‌ಮಾಸ್ಟರು ಅವರು. "ರೀಚಾರ್ಜೂ ಮಾಡ್ಕೊಡ್ತಾರೇನೋ, ಕೇಳು."

ದಾಕ್ಷಾಯಿಣಿಯ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ನಾದಿನಿಯ ಗುರುವಾರದ ಪರೀಕ್ಷೆ ನೆನಪಾಗಿ, ಕೂತಲ್ಲೇ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಸ್ವಾಮಿಗಳು ಪೋಸ್ಟ್‌ಮಾಸ್ಟರ ಕಡೆ ತಿರುಗಿದರು. "ನಮಗೂ ಒಂದು ಮೊಬೈಲು ಕೊಟ್ಟವ್ರೆ ಪುಟ್ಟಬಸಪ್ಪ. ದಿನಾ ಬೆಳಗಾಗೋದ್ರೊಳಗೆ ಅದಕ್ಕೆ ಗುಲಾಬಿ ಹೂವಿನ ಚಿತ್ರ ಕಳಿಸೋರು ಯಾರು? ನೀವೇ ಅಲ್ವಾ?"

ನಗು ಈಗ ಪೋಸ್ಟ್‌ಮಾಸ್ಟರ ಮೇಲೆ ಹೋಯಿತು. ಸ್ವಾಮಿಗಳು, "ನೀನು ಹೇಳು ತಾಯಿ" ಎಂದರು.

ಅವಳು ಹೇಳಿದಳು.

ಅವಳ ನಾದಿನಿ ಭುವನಾ ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಗಣಿತ ಓದಿಕೊಂಡವಳು. ದೂರದ ಊರಿನ ಒಂದು ಶಾಲೆಯವರು ಅವಳನ್ನು ಮೇಷ್ಟ್ರ ಕೆಲಸಕ್ಕೆ ಒಪ್ಪುವ ಹಂತಕ್ಕೆ ಬಂದಿದ್ದರು. ಉಳಿದಿದ್ದು ಒಂದೇ ಪರೀಕ್ಷೆ. ಮನೆಯಲ್ಲೇ ಕ್ಯಾಮೆರಾದ ಮುಂದೆ ನಿಂತು ನಲವತ್ತು ನಿಮಿಷ ಪಾಠ ಮಾಡಬೇಕು, ಅವರು ಅಲ್ಲಿಂದ ನೋಡುತ್ತಾರೆ. ಹೋದ ವಾರ ಮಾಡಿದಳು. ಹನ್ನೊಂದನೆಯ ನಿಮಿಷಕ್ಕೆ ಲೈನು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಶಾಲೆಯವರು ಒಳ್ಳೆಯವರು, ಇನ್ನೊಂದು ಸಲ ನೋಡೋಣ ಎಂದರು. ಆ ಇನ್ನೊಂದು ಸಲ ಬರುವ ಗುರುವಾರ, ಹನ್ನೊಂದು ಗಂಟೆಗೆ. ಆಮೇಲೆ ಅವಕಾಶ ಕೊಡುವುದಿಲ್ಲ.

ದಾಕ್ಷಾಯಿಣಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಆರು ದಿನದಿಂದ ಲೈನು ಯಾವಾಗ ಹೋಯಿತು, ಯಾವಾಗ ಬಂತು ಎಂದು ಬರೆದಿಟ್ಟಿದ್ದಳು. ಮೋಡವಿದ್ದ ದಿನಕ್ಕೆ ಒಂದು ಗುರುತು, ಕರೆಂಟು ಹೋಗಿದ್ದ ದಿನಕ್ಕೆ ಇನ್ನೊಂದು. ಪಕ್ಕದ ಮನೆಯವರು ಟೀವಿ ಹಾಕಿದ್ದರೋ ಇಲ್ಲವೋ ಎಂಬುದನ್ನೂ ಬರೆದಿದ್ದಳು.

"ಅಂಗಡಿಯಲ್ಲಿ ಆರು ಆ್ಯಂಟೆನಾದ್ದು ತೋರಿಸಿದ್ರು ಬುದ್ಧಿ. ಮೂರಂತಸ್ತಿನ ಮನೆಗೂ ಸಾಕು ಅಂದ್ರು. ನಮ್ಮ ಯಜಮಾನರು, ಇರೋದೇ ಚೆನ್ನಾಗಿದೆಯಲ್ಲ, ಅಷ್ಟು ದುಡ್ಡು ಯಾಕೆ ಅಂತಾರೆ. ಮಿಕ್ಸಿಗೆ ಅಂತ ನಾನು ಇಟ್ಕೊಂಡಿರೋದಿದೆ. ಅದನ್ನ ಕೊಟ್ಬಿಡೋಕೆ ನನಗೇನೂ ಬೇಜಾರಿಲ್ಲ. ಆದ್ರೆ ತಗೊಂಡ ಮೇಲೂ ಲೈನು ಹೋದ್ರೆ? ತಗೊಳ್ದೆ ಇದ್ದು ಹೋದ್ರೆ, ಅತ್ತಿಗೆ ಜಿಪುಣತನ ಮಾಡಿದ್ಳು ಅಂತ ಜೀವಮಾನವೆಲ್ಲ..."

ಅಲ್ಲಿಗೆ ನಿಲ್ಲಿಸಿದಳು. ಇಷ್ಟೊಂದು ಜನರ ಮುಂದೆ ಇಷ್ಟು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

"ಈಗಿರೋದು ಮನೇಲಿ ಎಲ್ಲೂ ಬರೋದೇ ಇಲ್ವ?" ಎಂದು ಸ್ವಾಮಿಗಳು ಕೇಳಿದರು.

"ನಮ್ಮ ರೂಮಲ್ಲಿ ಬರುತ್ತೆ ಬುದ್ಧಿ. ಒಂದು ಸಲಾನೂ ನಿಂತಿಲ್ಲ. ಭುವನಾ ಇರೋ ಹಿಂದಿನ ರೂಮಿಗೇ ಹೋಗಲ್ಲ. ಉದ್ದನೆ ಮನೆ, ದಪ್ಪ ಗೋಡೆ."

ಸ್ವಾಮಿಗಳು ಅವಳ ನೋಟ್‌ಬುಕ್ಕಿನ ಕಡೆ ಒಮ್ಮೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ರೈತ ಇದ್ದ. ಉಣ್ಣಲು ಉಡಲು ಕೊರತೆ ಇಲ್ಲದವನು. ಅವನ ಮಗಳು ಚೊಚ್ಚಲು ಹೆರಿಗೆಗೆ ತವರಿಗೆ ಬಂದಳು. ಮಾಗಿಯ ಚಳಿಯಲ್ಲಿ ಗಂಡುಮಗು ಹುಟ್ಟಿತು. ಬಾಣಂತಿಯನ್ನೂ ಮಗುವನ್ನೂ ಪದ್ಧತಿಯಂತೆ ಹಿಂದಿನ ಕೋಣೆಯಲ್ಲಿ ಮಲಗಿಸಿದರು. ರೈತನ ಮುದಿತಾಯಿ ಅವರ ಜೊತೆಗೆ ಉಳಿದಳು.

ಆ ಮನೆಯಲ್ಲಿ ಕೆಂಡ ತುಂಬಿಡುವ ಒಂದು ಕಬ್ಬಿಣದ ಅಗ್ಗಿಷ್ಟಿಕೆ ಇತ್ತು. ಅದು ಪಡಸಾಲೆಯಲ್ಲಿ, ರೈತನ ಮಂಚದ ಪಕ್ಕದಲ್ಲಿ ಇರುತ್ತಿತ್ತು. ಅವನ ಅಪ್ಪನ ಕಾಲದಲ್ಲೂ ಅಲ್ಲೇ ಇತ್ತು. ಬೆಳಿಗ್ಗೆ ಊರಿನ ನಾಲ್ಕು ಜನ ಬಂದು ಅದರ ಸುತ್ತ ಕೂತು ಕೈ ಕಾಯಿಸಿಕೊಂಡು ಮಾತಾಡಿ ಹೋಗುತ್ತಿದ್ದರು. ಅದು ಆ ಮನೆಗೆ ಒಂದು ಮರ್ಯಾದೆ.

ಮಗು ಹುಟ್ಟಿದ ಐದನೆಯ ದಿನ ಬೆಳಗಿನ ಜಾವ ರೈತ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಬಾಣಂತಿ ಕೋಣೆ, ಗಂಡಸು ಒಳಗೆ ಹೋಗುವಂತಿಲ್ಲ. ತಾಯಿ ಮಗುವನ್ನು ತಂದು ತೋರಿಸಿದಳು. ಅವನು ಅದರ ಅಂಗಾಲು ಮುಟ್ಟಿದ. ತಣ್ಣಗಿತ್ತು.

"ಬಿಸಿ ಬರ್ತಿಲ್ಲ ಮಗ" ಎಂದಳು ತಾಯಿ.

ರೈತನಿಗೆ ಅನ್ನ ಸೇರಲಿಲ್ಲ. ಅಗ್ಗಿಷ್ಟಿಕೆ ಸಣ್ಣದಾಯಿತು ಎಂದುಕೊಂಡ. ಊರಿನ ಕಮ್ಮಾರನ ಹತ್ತಿರ ಹೋದ. ಇದರ ಮೂರರಷ್ಟು ಕೆಂಡ ಹಿಡಿಯುವಂಥದ್ದು ಮಾಡಿಕೊಡಲು ಎಷ್ಟಾಗುತ್ತದೆ ಎಂದು ಕೇಳಿದ. ಅಷ್ಟು ಕಬ್ಬಿಣಕ್ಕೆ ಒಂದು ಹೋರಿಕರು ಕೊಡಬೇಕಾಗುತ್ತದೆ ಎಂದ ಕಮ್ಮಾರ. ರೈತ ಮನೆಗೆ ಬಂದು ಕೊಟ್ಟಿಗೆಯಲ್ಲಿ ನಿಂತ. ಕರುವಿನ ಮೈ ಸವರಿದ. ಜೋಡಿಗೆಂದು ಸಾಕಿದ ಕರು. ಕೊಡುವುದೋ ಬೇಡವೋ?

ಪಡಸಾಲೆಗೆ ಬಂದ ನಾಲ್ಕು ಜನರನ್ನು ಕೇಳಿದ. ಒಬ್ಬ, ಕೂಸಿಗಿಂತ ಕರು ಹೆಚ್ಚೇ ಎಂದ. ಒಬ್ಬ, ನಮ್ಮ ಕಾಲದಲ್ಲಿ ಯಾವ ಅಗ್ಗಿಷ್ಟಿಕೆ ಇತ್ತು, ನಾವು ಬದುಕಲಿಲ್ಲವೇ ಎಂದ. ಇನ್ನೊಬ್ಬ, ತಗೊಂಡರೆ ಅದಕ್ಕೂ ದೊಡ್ಡದು ತಗೋ, ಅರೆಬರೆ ಮಾಡಬೇಡ ಎಂದ. ನಾಲ್ಕನೆಯವನು ಕೈ ಉಜ್ಜಿಕೊಂಡ. ಕೆಂಡಕ್ಕೆ ಇನ್ನಷ್ಟು ಹತ್ತಿರ ಸರಿದು ಕೂತ.

ಆರನೆಯ ದಿನ ಮಗುವಿನ ಅಳು ಸಣ್ಣದಾಯಿತು. ಏಳನೆಯ ದಿನ ಅದು ಮೊಲೆ ಹಿಡಿಯಲು ಸೋಮಾರಿತನ ಮಾಡಿತು. ರೈತ ಕರು ಹೊಡೆದುಕೊಂಡು ಹೋಗಿ ಕಮ್ಮಾರನ ಬಾಗಿಲಿಗೆ ಕಟ್ಟಿದ.

ಕತೆ ಇಲ್ಲಿಗೆ ಬಂದಾಗ ದಾಕ್ಷಾಯಿಣಿ ತನಗೆ ತಿಳಿಯದೆ ಉಸಿರು ಬಿಟ್ಟಳು. ಕೊಡಬೇಕಾದ್ದು ಕೊಡಲೇಬೇಕು ಎಂದು ಸ್ವಾಮಿಗಳು ಹೇಳಲಿದ್ದಾರೆ. ಸಂಜೆಯೇ ಅಂಗಡಿಗೆ ಹೋಗುವುದು. ಹಳೆಯ ರೂಟರನ್ನು ಎಸೆಯುವುದು ಬೇಡ. ಆಯುಧಪೂಜೆಯ ದಿನ ತಾನೇ ವಿಭೂತಿ ಬಳಿದು ಹೂ ಮುಡಿಸಿದ್ದು ಅದು. ಮಂಚದ ಮೇಲಿನ ಗೂಡಿನಲ್ಲಿ ಮೂರು ಬಿಳಿ ಪಟ್ಟೆ ಇಟ್ಟುಕೊಂಡು, ಹಸಿರು ದೀಪ ಮಿಟುಕಿಸುತ್ತ ಕೂತಿರುತ್ತದೆ. ತಲೆದಿಂಬಿಗೆ ಒರಗಿಕೊಂಡು ಅವಳು ಧಾರಾವಾಹಿ ನೋಡುವಾಗ ಒಮ್ಮೆಯೂ ಕೈಕೊಟ್ಟಿಲ್ಲ.

ಸ್ವಾಮಿಗಳು ಕತೆ ಮುಂದುವರಿಸಿದರು.

ಹೊಸ ಅಗ್ಗಿಷ್ಟಿಕೆ ಬಂತು. ಇಬ್ಬರು ಹೊತ್ತು ತಂದರು. ಹಳೆಯದು ಇದ್ದ ಜಾಗದಲ್ಲೇ, ಮಂಚದ ಪಕ್ಕದಲ್ಲೇ ಇಳಿಸಿದರು. ಮೂರರಷ್ಟು ಕೆಂಡ ತುಂಬಿದರು. ಪಡಸಾಲೆ ಎಷ್ಟು ಕಾಯಿತೆಂದರೆ ರೈತ ಕಂಬಳಿ ತೆಗೆದು ಬೀದಿಬಾಗಿಲು ತೆರೆದಿಟ್ಟ. ಸುದ್ದಿ ಕೇಳಿ ನಾಲ್ಕು ಜನ ಬರುತ್ತಿದ್ದಲ್ಲಿ ಒಂಬತ್ತು ಜನ ಬಂದರು. ಎಂಥಾ ಅಗ್ಗಿಷ್ಟಿಕೆ ಎಂದು ಹೊಗಳಿದರು.

ರೈತ ಹಿಂದಿನ ಕೋಣೆಯ ಬಾಗಿಲಿಗೆ ಹೋದ. ಮಗುವಿನ ಅಂಗಾಲು ಮುಟ್ಟಿದ. ನಿನ್ನೆಗಿಂತ ತಣ್ಣಗಿತ್ತು. ತುಟಿ ನೀಲಿಗೆ ತಿರುಗುತ್ತಿತ್ತು.

"ಇನ್ನೊಂದು ಕರು ಇದೆ, ಇದಕ್ಕೂ ದೊಡ್ಡದು ಮಾಡಿಸ್ತೀನಿ" ಎಂದು ಬೀದಿಗೆ ಓಡಿದ.

ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಮುದಿತಾಯಿ ಎದ್ದಳು. ಹಿತ್ತಿಲಲ್ಲಿ ಒಡೆದ ಮಡಕೆಯ ತಳ ಬಿದ್ದಿತ್ತು, ಎತ್ತಿಕೊಂಡಳು. ಪಡಸಾಲೆಗೆ ಬಂದಳು. "ಸ್ವಲ್ಪ ಕಾಲು ತಗೀರಪ್ಪ" ಎಂದು ಒಂಬತ್ತು ಜನರ ನಡುವೆ ದಾರಿ ಮಾಡಿಕೊಂಡು ಎರಡು ಸೌಟು ಕೆಂಡ ತೋಡಿಕೊಂಡಳು. ಹಿಂದಿನ ಕೋಣೆಗೆ ಒಯ್ದು ಕಿಟಕಿ ಒಂದು ಬೆರಳು ತೆರೆದು, ಬಾಣಂತಿಯ ಮಂಚದ ಕೆಳಗೆ ಇಟ್ಟಳು.

ರೈತ ಹಿಂದಿರುಗಿದಾಗ ಬಿಸಿಲು ಏರಿತ್ತು. ಬಾಗಿಲಿಗೆ ಬರುವ ಮೊದಲೇ ಅವನಿಗೆ ಮಗುವಿನ ಅಳು ಕೇಳಿಸಿತು. ಇಡೀ ಬೀದಿಗೆ ಕೇಳುವ ಅಳು. ಹಸಿದ ಮಗುವಿನದು.

ಅವನು ಹೊಸ್ತಿಲಾಚೆಯಿಂದಲೇ ಬಗ್ಗಿ ಮಂಚದ ಕೆಳಗೆ ನೋಡಿದ. ಮಡಕೆಯ ತಳವನ್ನು ಕಂಡ. ಅದರಲ್ಲಿದ್ದದ್ದು ಹಳೆಯ ಅಗ್ಗಿಷ್ಟಿಕೆಯ ಕಾಲು ಭಾಗವೂ ಆಗದಷ್ಟು ಕೆಂಡ.

"ಅವ್ವಾ, ಇಷ್ಟೇ ಸಾಕಿತ್ತಾ? ಮೊದಲೇ ಯಾಕೆ ಹೇಳಲಿಲ್ಲ?"

"ಬಿಸಿ ಬರ್ತಿಲ್ಲ ಅಂತ ಹೇಳ್ದೆ. ಕೆಂಡ ಸಾಲದು ಅಂತ ನಾನೆಲ್ಲಿ ಹೇಳ್ದೆ?" ಎಂದಳು ತಾಯಿ. "ನೀನು ಕಮ್ಮಾರನ್ನ ಕೇಳ್ದೆ, ಊರೋರ್ನೆಲ್ಲ ಕೇಳ್ದೆ. ಚಳೀಲಿ ಮಲಗಿದ್ದೋಳ್ನ ಒಂದ್ಸಲ ಕೇಳಿದ್ಯಾ?"

ಇಷ್ಟು ಹೇಳಿ ಸ್ವಾಮಿಗಳು ನಿಲ್ಲಿಸಿದರು.

ಜಗಲಿಯ ಮೇಲೆ ಯಾರೋ ಕೆಮ್ಮಿದರು. ಪುಟ್ಟಬಸಪ್ಪನವರು ಕಂಬದಿಂದ ಬೆನ್ನು ತೆಗೆದು ಮುಂದಕ್ಕೆ ಬಾಗಿದರು. "ಗೊತ್ತಾಯ್ತೇನವ್ವ? ತಗೋಬೇಡ ಅಂತವ್ರೆ. ದುಡ್ಡು ಉಳೀತು, ಮಿಕ್ಸಿ ತಗೋ ಹೋಗು."

ದಾಕ್ಷಾಯಿಣಿಗೆ ಅವರ ಮಾತು ಕೇಳಿಸಿತು, ಒಳಗೆ ಹೋಗಲಿಲ್ಲ. ಅವಳಿಗೆ ಬೇರೇನೋ ಕಾಣುತ್ತಿತ್ತು. ಹೋದ ವಾರ ಎರಡು ಸಲ ಭುವನಾ ಲ್ಯಾಪ್‌ಟಾಪು ಹಿಡಿದುಕೊಂಡು ಬಂದು, ಅಣ್ಣ ಅತ್ತಿಗೆಯ ಕೋಣೆಯ ಹೊರಗೆ, ಮುಚ್ಚಿದ ಬಾಗಿಲಿಗೆ ಒರಗಿ ಮಣೆ ಹಾಕಿಕೊಂಡು ಕೂತಿದ್ದಳು. ಅಣ್ಣ ಅತ್ತಿಗೆ ಮಲಗುವ ಕೋಣೆಗೆ ಅವಳು ಕಾಲಿಡುವವಳಲ್ಲ. ಇಲ್ಲಿ ಯಾಕೆ ಕೂತೆ ಎಂದು ಕೇಳಿದ್ದಕ್ಕೆ, "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅತ್ತಿಗೆ" ಎಂದಿದ್ದಳು. ಆ ನಡುಮನೆಗೆ ಕಿಟಕಿಯೇ ಇಲ್ಲ. ಆಗ ದಾಕ್ಷಾಯಿಣಿಗೆ ಅದು ವಿಚಿತ್ರ ಅನ್ನಿಸಿತ್ತು. ನಿಂತು ಯೋಚಿಸಿರಲಿಲ್ಲ, ಒಗೆದ ಬಟ್ಟೆ ಮಡಿಸುವುದಿತ್ತು. ನೋಟ್‌ಬುಕ್ಕಿನಲ್ಲಿ ಮೋಡ ಬರೆದಿದ್ದಳು, ಕರೆಂಟು ಬರೆದಿದ್ದಳು, ಪಕ್ಕದ ಮನೆಯ ಟೀವಿ ಬರೆದಿದ್ದಳು. ಮಣೆಯನ್ನು ಬರೆದಿರಲಿಲ್ಲ.

ಆದರೂ ಕೇಳಿದಳು. ಹೌದು ಅಥವಾ ಇಲ್ಲ ಎಂಬ ಒಂದು ಮಾತು ಸಿಕ್ಕಿದರೆ ಅದನ್ನು ಹಿಡಿದುಕೊಂಡು ಮನೆಗೆ ಹೋಗಬಹುದಿತ್ತು.

"ಹಾಗಾದ್ರೆ ಹೊಸದು ತಗೊಳ್ಲೋ ಬೇಡವೋ, ಬುದ್ಧಿ?"

ಸ್ವಾಮಿಗಳು ಅವಳ ಮುಖವನ್ನೇ ನೋಡಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ಹೊಸದರ ಮಾತು ಆಮೇಲಾಯ್ತು ತಾಯಿ, ಹಳೇದು ಯಾರ ತಲೆದೆಸೇಲಿದೆ?"

ದಾಕ್ಷಾಯಿಣಿ ನೋಟ್‌ಬುಕ್ಕನ್ನು ಮೆಲ್ಲನೆ ಮುಚ್ಚಿದಳು. ಚೀಲಕ್ಕೆ ಹಾಕಿಕೊಂಡು ಎದ್ದಳು.