ದೊಡ್ಡಹುಣಸೆ ತಲೆಕೆಳಗಾಗಿ ನಿಂತದ್ದು

ಭೂಮಿಯ ಮಣ್ಣು ಇನ್ನೂ ಹಸಿ ಆರಿರದ ಕಾಲ. ಗಾಳಿಗೂ ದಾರಿಗಳು ಸರಿಯಾಗಿ ಗೊತ್ತಿರಲಿಲ್ಲ, ಕಂಡವರನ್ನು ಕೇಳಿಕೊಂಡು ಬೀಸುತ್ತಿತ್ತು. ಆಗ ಮರಗಳು ನಡೆಯುತ್ತಿದ್ದವು. ನಡೆದು ನಡೆದು ಸಾಕಾಗಿ ಅತ್ತಿ ಹೊಳೆದಂಡೆಯಲ್ಲಿ ನಿಂತಿತು. ಜಾಲಿ ಬಯಲಲ್ಲಿ ನಿಂತಿತು. ಪೀಪಾಯಿಯಂಥ ಬೊಡ್ಡೆಯ ದೊಡ್ಡಹುಣಸೆ ಮಾತ್ರ ನಿಲ್ಲಲಿಲ್ಲ. ಅವಳು ವ್ಯಾಪಾರದವಳು. ನಿಂತರೆ ಆಗುತ್ತದೆಯೇ?

ಆಫ್ರಿಕಾದ ಬಯಲಿನಲ್ಲಿ ಮಡುವಿನಿಂದ ಮಡುವಿಗೆ ತಿರುಗಿ ಅವಳು ಕಾಯಿ ಮಾರುತ್ತಿದ್ದಳು. ಗಾಳಿ ಮುಂದೆ ಮುಂದೆ ಓಡಿ, "ದೊಡ್ಡಕ್ಕ ಬಂದಳು, ದೊಡ್ಡಕ್ಕ ಬಂದಳು" ಎಂದು ಕೂಗುತ್ತಿತ್ತು.

ಸರಕು ಎಂದರೆ ಸರಕು! ಕಾಯಿಯ ಮೇಲೆ ಮಖಮಲ್ಲಿನಂಥ ಗಟ್ಟಿ ಸಿಪ್ಪೆ. ಒಳಗೆ ಹುಳಿಯಾದ ಬಿಳಿ ತಿರುಳು, ಮೊದಲೇ ಒಣಗಿದ್ದು, ಬಹುಕಾಲ ಕೆಡದು. ನೀರಿಗೆ ಕದಡಿ ಕುಡಿದರೆ ಜ್ವರದವರಿಗೆ ತಂಪು, ಭೇದಿಯಾದವರಿಗೆ ಅದು ನಿಲ್ಲುತ್ತಿತ್ತು. ಎಳೆ ಎಲೆ ಸೊಪ್ಪಿಗೆ, ಬೀಜ ಹುರಿದು ತಿನ್ನಲಿಕ್ಕೆ. ಅವಳ ಹೊಟ್ಟೆಯೊಳಗೆ ಬೇಸಿಗೆಗೂ ಬತ್ತದ ನೀರು.

ದೊಡ್ಡಹುಣಸೆ ಜಿಪುಣಿಯಲ್ಲ. ಆದರೆ ಒಂದು ನೇಮವಿತ್ತು. ಬೆಳಗಿನ ಮೊದಲ ವ್ಯಾಪಾರ, ಅದೇ ಬೋಣಿ, ಬರಿಗೈಯವರಿಂದ ಆಗಬಾರದು. ಹಿಡಿ ಹುಲ್ಲೋ, ಒಂದು ಗರಿಯೋ, ಏನಾದರೂ ಕೈಗೆ ಬೀಳಬೇಕು. ಬೋಣಿ ಕೆಟ್ಟರೆ ದಿನವೇ ಕೆಟ್ಟಿತೆಂದು ಅವಳ ನಂಬಿಕೆ.

ಒಂದು ಬಿರುಬೇಸಿಗೆಯ ಬೆಳಿಗ್ಗೆ ಬತ್ತಿದ ಮಡುವಿನ ಬಳಿ ಅವಳು ಹೊರೆ ಇಳಿಸಿದ್ದಳಷ್ಟೆ, ತಾಯಾನೆ ಮರಿಯನ್ನು ಸೊಂಡಿಲಿನಿಂದ ತಳ್ಳಿಕೊಂಡು ಬಂತು.

"ಅಕ್ಕಾ, ಮರಿಗೆ ಮೈ ಸುಡ್ತಿದೆ. ಒಂದು ಕಾಯಿ ಒಡೆದು ಕೊಡೇ."

"ಕೊಡ್ತೀನಿ ತಾಯಿ. ಬೋಣಿಗೆ ಏನಾದರೂ ಹಾಕು."

"ಏನು ಹಾಕಲಿ? ಸುತ್ತ ಒಂದೆಳೆ ಹುಲ್ಲಿಲ್ಲ. ಇರೋದು ಈ ಮರಿ ಒಂದೇ. ಆಮೇಲೆ ತಂದುಕೊಡ್ತೀನಿ."

"ಆಮೇಲೆ ಅನ್ನೋದು ಬೋಣಿಗೆ ಆಗಿಬರಲ್ಲ. ಸ್ವಲ್ಪ ಕೂತಿರು. ಯಾರಾದರೂ ಬಂದು ಬೋಣಿ ಮಾಡಲಿ, ನಿನಗೆ ಹತ್ತು ಕಾಯಿ ಬಿಟ್ಟಿ ಕೊಡ್ತೀನಿ. ನಾನೇ ಕದಡಿ ಕುಡಿಸ್ತೀನಿ."

ಅವಳು ಮನಸ್ಸಿನಿಂದಲೇ ಹೇಳಿದ್ದಳು. ತಾಯಾನೆ ಕೂತಿತು. ಮರಿ ಅದರ ಕಾಲಸಂದಿಯಲ್ಲಿ ಮಲಗಿ ಮೆಲ್ಲಗೆ ಕಿವಿ ಬೀಸುತ್ತಿತ್ತು.

ಗಾಳಿ ಓಡಿಹೋಗಿ ಒಂದು ಕೋತಿಯನ್ನು ಕರೆತಂತು. ಕೋತಿ ಆತುರದ ಗಿರಾಕಿಯಲ್ಲ. ಚೂರು ತಿರುಳು ನೆಕ್ಕಿ ಮೂತಿ ಕಿವುಚಿತು.

"ಇದೇನಕ್ಕಾ, ಹಲ್ಲು ಚುಳ್ಳೆನ್ನುತ್ತೆ!"

"ಹುಳಿಯಿದ್ದರೇ ಅಸಲಿ ಮಾಲು. ಸಿಹಿ ಬೇಕಾದರೆ ಜೇನ್ನೊಣದ ಹತ್ತಿರ ಹೋಗು."

"ಅದು ಬಿಟ್ಟಿ ಕೊಡುತ್ತಂತೆ?"

"ಕೊಡುತ್ತೆ, ನಿನ್ನ ಮೂತಿಗೇ!"

ಕೋತಿ ನಕ್ಕಿತು. ದೊಡ್ಡಹುಣಸೆಯೂ ನಕ್ಕಳು. ಗಾಳಿ ನಗಲಿಲ್ಲ. "ಅಕ್ಕಾ, ಮರಿ ಕಿವಿ ಬೀಸ್ತಿಲ್ಲ," ಎಂದಿತು.

"ಇರು, ಇನ್ನೇನು ಆಯ್ತು."

ಕೋತಿ ಕೆನ್ನೆಯೊಳಗೆ ಅಡಗಿಸಿದ್ದ ಒಂದು ಕಾಳನ್ನು ಉಗಿದು ಕೊಟ್ಟಿತು. ಬೋಣಿ ಆಯಿತು.

ದೊಡ್ಡಹುಣಸೆ ಲಗುಬಗನೆ ಕಾಯಿಗಳನ್ನು ಒಡೆದಳು. ತನ್ನ ಹೊಟ್ಟೆಯ ನೀರನ್ನೇ ಸುರಿದು ಕದಡಿದಳು. ಮರಿಯ ಬಾಯಿಗೆ ಹಿಡಿದಳು. ಬಾಯಿ ತೆರೆಯಲಿಲ್ಲ. ಮತ್ತೆ ಹಿಡಿದಳು. ಬಿಳಿ ನೀರು ಗದ್ದದಿಂದ ಇಳಿದು ಮಣ್ಣು ಸೇರಿತು.

ತಾಯಾನೆ ಕೇಳಿತು, "ನಿನ್ನ ದಿನ ಚೆನ್ನಾಗಾಯ್ತಾ ಅಕ್ಕಾ?"

ಎಂಥ ಔಷಧಿಯಾದರೇನು, ಹೊತ್ತಿಗೆ ಬಾಯಿ ಸೇರದಿದ್ದರೆ ಅದು ಬರೀ ಹಿಟ್ಟು. ದೊಡ್ಡಹುಣಸೆ ತಲೆಯನ್ನು ನೆಲದೊಳಕ್ಕೆ ತುರುಕಿಕೊಂಡಳು. ಇಷ್ಟು ದಿನ ತಿರುಗಿದ ಬೇರಿನ ಕಾಲುಗಳು ಆಕಾಶಕ್ಕೆ ಎದ್ದು ನಿಂತವು. ಗಾಳಿ ಎಬ್ಬಿಸಲು ನೋಡಿತು. ಅವಳು ಏಳಲಿಲ್ಲ. ಕಾಲಿನ ಮೇಲೆಯೇ ಎಲೆ ಚಿಗುರಿತು, ಕಾಯಿ ತೂಗಿತು.

ಇಂದಿಗೂ ಬೇಸಿಗೆಯಲ್ಲಿ ಆಫ್ರಿಕಾದ ಆನೆಗಳು ಬಂದು ದಂತದಿಂದ ಅವಳ ಮೈ ಸಿಗಿದು, ಹಸಿ ತೊಗಟೆ ಜಗಿದು ನೀರು ಹೀರುತ್ತವೆ. ಅವಳು ಗಾಯದ ಮೇಲೆ ಮತ್ತೆ ತೊಗಟೆ ಬೆಳೆಸಿಕೊಂಡು ನಿಂತಿರುತ್ತಾಳೆ. ನಮ್ಮ ಸವಣೂರಿನಲ್ಲಿರುವ ಅವಳ ಸಂತಾನವನ್ನು ಎಲೆ ಉದುರಿದ ಕಾಲದಲ್ಲಿ ನೋಡಿದರೆ, ಮಕ್ಕಳೇ, ಮರ ಬೇರು ಮೇಲೆ ಮಾಡಿ ನಿಂತಂತೆಯೇ ಕಾಣುತ್ತದೆ, ಮತ್ತು ಮಾಗಿದ ಕಾಯಿ ಯಾರೂ ಕೇಳುವ ಮೊದಲೇ ತಾನಾಗಿ ಕಳಚಿ ಬೀಳುತ್ತದೆ.