ಹತ್ತು ಉಸಿರಿನ ಬಿಡುವು

ಗೋಡೆಗೆ ಒರಗಿ, ಕಾಲು ನೀಡ್ಕೊಂಡು ಕೂತ್ಕೊಳಿ. ಹೇಳ್ತೀನಿ.

ಕುಂಬಾರಗೇರೀಲಿ ಮುದ್ದವ್ವ ಅಂತ ಒಬ್ಬಳು. ಅವಳಿಗೆ ಕೆಂಚೀರ ಒಬ್ಬನೇ ಮಗ, ಪೆದ್ದ. ತಾನು ಕಣ್ಮುಚ್ಚಿದ್ರೆ ಇವನಿಗೆ ಅನ್ನ ಹಾಕೋರು ಯಾರು ಅಂತ ಅವಳಿಗೆ ಸಂಕಟ. ಅದೇ ಕೇರಿಯ ಕುಂಬಾರ, ಗಂಡುಮಕ್ಕಳಿಲ್ಲದ ಚೌಡಶೆಟ್ಟಿ ಹೇಳಿದ: ಮೂರು ದಿನ ನನ್ನಲ್ಲಿ ನೆಟ್ಟಗೆ ದುಡೀಲಿ, ಮಗಳು ದೇವೀರೀನ ಕೊಡ್ತೀನಿ.

ಮೊದಲ ದಿನ ಮಣ್ಣು ತುಳಿಯಕ್ಕೆ ಇಳಿದೋನು ಹತ್ತಲೇ ಇಲ್ಲ. ಗಂಜಿ ಬಂದ್ರೂ ತುಳಿದ, ಬಿಸಿಲು ಇಳಿದ್ರೂ ತುಳಿದ. ತಲೆ ತಿರುಗಿ ಮಣ್ಣಲ್ಲೇ ಬೋರಲು ಬಿದ್ದ. ಅವ್ವ ಮೈ ತೊಳೀತಾ ಬೈದಳು. "ಎತ್ತಿಗೂ ನೊಗ ಇಳಿಸ್ತಾರೆ ಕಣೋ. ನಡುವೆ ಕೈ ಬಿಟ್ಟು, ಕಣ್ಣು ಮುಚ್ಚಿ, ಹತ್ತು ಉಸಿರು ಎಣಿಸು. ತಲೆ ಹಗುರಾಯ್ತದೆ."

ಮಾರನೇ ದಿನ ನೀರು ಸೇದಕ್ಕೆ ಕಳಿಸಿದ್ರು. ಬಿಂದಿಗೆ ಅರ್ಧ ಬಾವಿ ಮೇಲೆ ಬಂದಿತ್ತು. ಕೈ ಬಿಟ್ಟ, ಕಣ್ಣು ಮುಚ್ಚಿದ, ಎಣಿಸಿದ. ಹಗ್ಗ, ಬಿಂದಿಗೆ ಎರಡೂ ಗಂಗಮ್ಮನ ಪಾಲು. ಅವ್ವ ಹಣೆ ಚಚ್ಚಿಕೊಂಡು, ಹಿಡಿದಿದ್ದನ್ನ ಮೊದಲು ಮೆಲ್ಲಗೆ ನೆಲಕ್ಕೆ ಇಳಿಸಬೇಕು ಅಂದಳು.

ಮೂರನೇ ದಿನ ಚೌಡಶೆಟ್ಟಿ ಕಾಲು ಉಳುಕಿತ್ತು. ಕೆಂಚೀರ ಅವನ್ನ ಹೊತ್ಕೊಂಡು ಹಳ್ಳ ದಾಟ್ತಿದ್ದ. ನಡುಹಳ್ಳದಲ್ಲಿ ಮೆಲ್ಲಗೆ ಇಳಿಸಿದ, ಹತ್ತು ಉಸಿರು ಎಣಿಸಿದ. ಅಷ್ಟೊತ್ತಿಗೆ ಶೆಟ್ಟಿಯ ರುಮಾಲು ತೇಲ್ಕೊಂಡು ಅರ್ಧ ಊರು ದಾಟಿತ್ತು.

ಮದುವೆ ಮುರೀತು ಅಂತ ಶೆಟ್ಟಿ ಕೂಗಾಡಿದ. ದೇವೀರಿ ನಕ್ಕು, "ಹೇಳಿದ್ದು ಹೇಳಿದಂಗೆ ಕೇಳೋ ಗಂಡು ಈ ಸೀಮೇಲಿ ಇನ್ನೊಬ್ಬನಿದ್ರೆ ತೋರ್ಸಪ್ಪ" ಅಂದಳು. ಶೆಟ್ಟಿ ಹುಡುಕಿ ನೋಡಿದ, ಇರಲಿಲ್ಲ. ಲಗ್ನ ಇಟ್ಟರು. ಮುದ್ದವ್ವ ಮಗನಿಗೆ ಬುದ್ಧಿ ಹೇಳಿದಳು: ಬಿಡುವು ಬೇಕಾದ್ರೆ ನೀರಲ್ಲಲ್ಲ, ಮರದ ನೆರಳಿಗೆ ಹೋಗಿ ಕೂರು.

ತಾಳಿಗೆ ಒಂದು ಗಂಟು ಹಾಕಿದ, ಎರಡು ಹಾಕಿದ. ಬೆವರು ಬಂತು. ಎದ್ದು ಚಪ್ಪರ ದಾಟಿ, ಕೆರೆಯಾಚೆ ಹುಣಸೆಮರದಡಿ ಕೂತು ಕಣ್ಣು ಮುಚ್ಚಿದ. ಮೂರನೇ ಗಂಟು ಬೀಳೋತನಕ ಗಟ್ಟಿಮೇಳ ನಿಲ್ಲಂಗಿಲ್ವಲ್ಲ, ಓಲಗದೋನ ಕೆನ್ನೆ ಕುಂಬಳಕಾಯಿ ಆಯ್ತು. ಜನ ಅಕ್ಷತೆ ಹಿಡಿದು ಹಂಗೇ ನಿಂತ್ರು. ಮುದ್ದವ್ವ ಓಡಿಹೋಗಿ, ಏಳಪ್ಪ ಅಂತ ಗೋಗರೆದಳು.

"ಒಂಬತ್ತಾಗಿತ್ತು ಕಣವ್ವ, ಮಾತಾಡ್ಸಿ ಲೆಕ್ಕ ತಪ್ಪಿಸ್ದೆ" ಅಂದ. ಮತ್ತೆ ಒಂದರಿಂದ ಎಣಿಸಕ್ಕೆ ಹಿಡಿದ.

ಆ ಓಲಗದೋನು ಈಗ ಡೋಲು ಬಡೀತಾನೆ, ಊದಲ್ಲ. ಚೌಡಶೆಟ್ಟಿ ಯಾರ ಬೆನ್ನ ಮೇಲೂ ಹತ್ತಲ್ಲ. ಮುದ್ದವ್ವ ಬುದ್ಧಿ ಹೇಳೋದು ಬಿಟ್ಟು ನಿಶ್ಚಿಂತೆಯಿಂದ ಅಡಿಕೆ ಕುಟ್ತಾಳೆ. ದೇವೀರಿ ಅವತ್ತು ಮೂರನೇ ಗಂಟು ತಾನೇ ಹಾಕ್ಕೊಂಡ್ಲು. ಈಗ ಅವಳು ಮಡಕೆ ಮಾಡ್ತಾಳೆ, ಕೆಂಚೀರ ಮಣ್ಣು ತುಳೀತಾನೆ. ನಡುವೆ ಅವನು ಮರದಡಿ ಕೂತ್ರೆ, ತುಟಿ ಪಿಟಕ್ಕೆನ್ನದೆ ತಾನೂ ಪಕ್ಕದಲ್ಲಿ ಕೂರ್ತಾಳೆ. ಹತ್ತಾದ ಮೇಲೆ ಇಬ್ಬರೂ ಏಳ್ತಾರೆ.