ಅಕ್ಕನ ಮನೆಯಲ್ಲಿದ್ದ ಬೀಗದ ಕೈ

ಚೆನ್ನಮಲ್ಲನೆಂಬ ಶಿಷ್ಯ ಕೇಳಿದ: "ಗುರುಗಳೇ, ಬೆಳಗಿನ ಸೂರ್ಯನಮಸ್ಕಾರವನ್ನು ಎಷ್ಟೋ ಸಲ ಶುರು ಮಾಡಿದ್ದೇನೆ. ನಾಲ್ಕು ದಿನ ಉತ್ಸಾಹ ಇರುತ್ತದೆ. ಆಮೇಲೆ ಎಲ್ಲಿ ಹೋಗುತ್ತದೋ ತಿಳಿಯದು. ಅದನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯಿದ್ದ. ಬೆಳಗಿನಿಂದ ಸಂಜೆಯವರೆಗೆ ಕುಳಿತಲ್ಲಿಂದ ಏಳದವನು. ಒಂದು ದಿನ ಏಳಲು ಹೋದಾಗ ಎಡಗಾಲು ಅವನ ಮಾತು ಕೇಳಲಿಲ್ಲ. ವೈದ್ಯರು ಬಂದು ತೈಲ ಹಚ್ಚಿಸಿದರು. ಕಾಲಿಗೆ ಸ್ವಲ್ಪ ಜೀವ ಬಂತು. ಆದರೆ ನಡೆದರೆ ಪಾದ ನೆಲ ಉಜ್ಜುತ್ತಿತ್ತು.

"ಇನ್ನು ನನ್ನ ಕೈಯಲ್ಲಿಲ್ಲ. ದಿನವೂ ನಡೆಯಬೇಕು. ಬಿಟ್ಟರೆ ಈ ಕಾಲು ಹೋಯಿತೆಂದೇ ತಿಳಿಯಿರಿ," ಎಂದರು ವೈದ್ಯರು.

ವ್ಯಾಪಾರಿಯ ತಂದೆಯನ್ನು ಕೊನೆಗಾಲದಲ್ಲಿ ಇಬ್ಬರು ಎತ್ತಿ ಅಂಗಳಕ್ಕೆ ತರುತ್ತಿದ್ದರು. ಅದು ನೆನಪಾಗಿ ಅವನಿಗೆ ಭಯವಾಯಿತು. ಭಯದಿಂದ ಕೆಲವು ದಿನ ನಡೆದ. ಭಯ ಹಳತಾಯಿತು, ನಡಿಗೆ ನಿಂತಿತು. ಹೊಸ ಮೆಟ್ಟು ಹೊಲಿಸಿದ. ಅದು ಹಳತಾಗುವ ಮೊದಲೇ ಮೂಲೆ ಸೇರಿತು. ದಿನವೂ ನಡೆಯುತ್ತೇನೆಂದು ದೇವರಿಗೆ ಹರಕೆ ಹೊತ್ತ. ಮಳೆ ಬಂದ ಒಂದು ಬೆಳಿಗ್ಗೆ ಅದೂ ತಪ್ಪಿತು. ಕಾಲು ಮತ್ತೆ ಭಾರವಾಗತೊಡಗಿದಾಗ ಅವನು ವೈದ್ಯರಲ್ಲಿಗೆ ಹೋಗಿ, "ಕಾಲಿಗೆ ಔಷಧಿ ಬೇಡ. ಉತ್ಸಾಹಕ್ಕೆ ಏನಾದರೂ ಇದ್ದರೆ ಕೊಡಿ," ಎಂದ.

ವೈದ್ಯರಿಗೆ ಕುತೂಹಲವಾಯಿತು. "ಶೆಟ್ಟರೇ, ದಿನಾ ಅಂಗಡಿ ಬಾಗಿಲು ತೆಗೆಯುತ್ತೀರಲ್ಲ, ಅದಕ್ಕೆ ಉತ್ಸಾಹ ಎಲ್ಲಿಂದ ತರುತ್ತೀರಿ?"

ವ್ಯಾಪಾರಿ ನಕ್ಕ. "ಅದಕ್ಕೇಕೆ ಉತ್ಸಾಹ? ಹೊತ್ತಾಯಿತು, ಬಾಗಿಲು ತೆಗೆದೆ. ಅಷ್ಟೇ."

ವೈದ್ಯರು ಸ್ವಲ್ಪ ಯೋಚಿಸಿದರು. "ಊರಿನ ಆ ಕೊನೆಯಲ್ಲಿ ನಿಮ್ಮವರು ಯಾರಿದ್ದಾರೆ?"

"ಅಕ್ಕ ಇದ್ದಾಳೆ. ಕೆರೆಯ ಹತ್ತಿರ."

"ಹಾಗಾದರೆ ಇನ್ನು ಮೇಲೆ ಅಂಗಡಿಯ ಬೀಗದ ಕೈ ರಾತ್ರಿ ಅಕ್ಕನ ಮನೆಯಲ್ಲಿರಲಿ. ಬೆಳಿಗ್ಗೆ ನೀವೇ ಹೋಗಿ ತನ್ನಿ."

ಅಕ್ಕನ ಗಂಡ ದಿನಾ ಸಂಜೆ ಅಂಗಡಿಯ ಮುಂದೆಯೇ ಹಾದು ಮನೆಗೆ ಹೋಗುತ್ತಿದ್ದ. ಬೀಗದ ಕೈ ಅವನ ಜೊತೆ ಹೋಯಿತು. ಮರುದಿನ ವ್ಯಾಪಾರಿ ಗೊಣಗುತ್ತ, ಗೋಡೆ ಹಿಡಿಯುತ್ತ ಅಕ್ಕನ ಮನೆ ಸೇರಿದ. ತಮ್ಮನ ಕಾಲು ನೋಡಿ ಅಕ್ಕನ ಕಣ್ಣಲ್ಲಿ ನೀರು ಬಂತು. ವೈದ್ಯರನ್ನು ಬೈದಳು. ಮಜ್ಜಿಗೆ ಕೊಟ್ಟಳು. ಬೀಗದ ಕೈಯನ್ನೂ ಕೊಟ್ಟಳು. ಅತ್ತ ಗಿರಾಕಿಗಳು ಕಾಯುತ್ತಿದ್ದರು. ಅವನು ತಿರುಗಿ ನಡೆದ.

ಹೀಗೆಯೇ ಮಳೆಗಾಲ ಕಳೆಯಿತು. ಒಂದು ಸಂಜೆ ಅವನು ಬೀಗದ ಕೈ ಕೊಡುವುದಿಲ್ಲವೆಂದು ಹಟ ಹಿಡಿದ. ಭಾವ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ, ಕೊಡುವವರೆಗೆ ಏಳಲಿಲ್ಲ. ಕೆಲವು ಬೆಳಿಗ್ಗೆ ವ್ಯಾಪಾರಿ ಅಕ್ಕನೊಡನೆ ಜಗಳವಾಡಿದ. ಕೆಲವು ಬೆಳಿಗ್ಗೆ ಮಾತೇ ಆಡಲಿಲ್ಲ. ಆದರೂ ಹೋಗದೆ ವಿಧಿಯಿರಲಿಲ್ಲ.

ಚಳಿ ಜೋರಾಗಿದ್ದ ಒಂದು ದಿನ ಅಕ್ಕನಿಗೆ ತಡೆಯಲಾಗಲಿಲ್ಲ. ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ತಾನೇ ಹೊರಟಳು. ಅರ್ಧ ದಾರಿಯಲ್ಲಿ ತಮ್ಮ ಸಿಕ್ಕಿದ.

"ತಗೋ ತಮ್ಮ. ಈ ಚಳಿಯಲ್ಲಿ ಮುಂದೆ ಬರಬೇಡ. ಇಲ್ಲಿಂದಲೇ ಅಂಗಡಿಗೆ ಹೋಗು."

ಅವನು ಬೀಗದ ಕೈ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಆದರೆ ಅಂಗಡಿಯ ಕಡೆ ತಿರುಗಲಿಲ್ಲ. ಅಕ್ಕನ ಜೊತೆಯಲ್ಲೇ ಕೆರೆಯ ಕಡೆ ನಡೆದ.

"ಮತ್ತೆಲ್ಲಿಗೋ?" ಎಂದಳು ಅಕ್ಕ.

"ನಡಿ, ಹೋಗಿ ಬರುತ್ತೇನೆ," ಎಂದ ಅವನು.

ಜೊತೆಯಲ್ಲಿ ನಡೆಯುವಾಗ ಅಕ್ಕ ಗಮನಿಸಿದಳು. ತಮ್ಮನ ಪಾದ ನೆಲ ಉಜ್ಜುತ್ತಿರಲಿಲ್ಲ. ಅದು ಯಾವಾಗ ನಿಂತಿತೆಂದು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನಮಲ್ಲ ಮುಂದಕ್ಕೆ ಬಾಗಿ ಕೇಳಿದ: "ಬೀಗದ ಕೈ ಸಿಕ್ಕ ಮೇಲೂ ನಡೆದನಲ್ಲ ಗುರುಗಳೇ, ಆ ದಿನ ಅವನಲ್ಲಿ ಉತ್ಸಾಹ ಇತ್ತೇ?"

ಗುರುಗಳು ಹೇಳಿದರು: "ಆ ಪ್ರಶ್ನೆ ಬಂದದ್ದು ನಿನಗೆ, ಅವನಿಗಲ್ಲ."